ಕಾಲ್ನಡಿಗೆಯಲ್ಲಿ ಹಳೇ ಶಿವಮೊಗ್ಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಗೈಡ್ ಇಲ್ಲದೆ, ಕಾರು ಬಿಟ್ಟು, ಹಳೆಯ ಊರನ್ನು ನಡೆದು ನೋಡುವುದು ಹೇಗೆಂದು ಕೇಳಿ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿಕೊಂಡಿದ್ದೇವೆ.

ಪ್ರಶ್ನೆ: ತಾಳಗುಪ್ಪ ರೈಲಿನಲ್ಲಿ ಬೆಳಗಿನ ಜಾವ ಶಿವಮೊಗ್ಗದಲ್ಲಿ ಇಳಿಯುತ್ತೇವೆ. ಮಧ್ಯಾಹ್ನದ ಊಟದ ಹೊತ್ತಿನವರೆಗೆ ಬಿಡುವಿದೆ. ನಾಲ್ಕು ಜನ, ಒಬ್ಬರಿಗೆ ಮಂಡಿನೋವು. ಎಲ್ಲಿಂದ ಶುರು ಮಾಡಬೇಕು, ಏನನ್ನು ಬಿಡಬಹುದು? — ಓದುಗರು, ಬೆಂಗಳೂರು

ಹೊಳೆಯಿಂದ ಶುರು ಮಾಡಿ. ಊರು ಹುಟ್ಟಿದ್ದು ತುಂಗೆಯ ದಂಡೆಯಲ್ಲಿ, ಕೋಟೆ ಕೂತದ್ದೂ ಅಲ್ಲೇ. ಬಸ್ ನಿಲ್ದಾಣದ ಹತ್ತಿರದ ಹಳೇ ಸೇತುವೆಯ ಕಡೆಗೆ ಆರೂವರೆ, ಏಳರ ಹೊತ್ತಿಗೆ ಹೋದರೆ ವಾಹನ ಕಡಿಮೆ, ಬಿಸಿಲು ಓರೆಯಾಗಿರುತ್ತದೆ. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಕಲ್ಲಿನ ಮಂಟಪವನ್ನು ಮೊದಲು ನೋಡಿ. ಮಳೆಗಾಲದಲ್ಲಿ ಶಿವಮೊಗ್ಗದವರಿಗೆ ಅದೇ ನೀರಿನ ಅಳತೆಗೋಲು. ಗಾಜನೂರು ಅಣೆಕಟ್ಟಿನಿಂದ ನೀರು ಬಿಟ್ಟಾಗ 'ಮಂಟಪ ಮುಳುಗಿತಾ?' ಎಂದೇ ಜನ ಕೇಳುವುದು. ಬೇಸಿಗೆಯಲ್ಲಿ ಹೋದವರಿಗೆ ನೀರು ಎಲ್ಲಿವರೆಗೆ ಏರುತ್ತದೆಂದು ಕಂಬಗಳ ಮೇಲಿನ ಕಲೆಗಳೇ ತೋರಿಸುತ್ತವೆ. ಇಲ್ಲಿ ಹದಿನೈದು ನಿಮಿಷ ನಿಲ್ಲಿ. ಆಮೇಲೆ ಕಾಣುವ ಕೋಟೆ, ಮಠ, ಪೇಟೆ ಎಲ್ಲವೂ ಈ ಹೊಳೆಯ ಪಕ್ಕ ಯಾಕಿವೆ ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ.

ಅಲ್ಲಿಂದ ಬೆಕ್ಕಿನ ಕಲ್ಮಠದ ಕಡೆ ಒಂದು ಸುತ್ತು ಹಾಕಿ, ಬಿ.ಎಚ್. ರಸ್ತೆಗೆ ಬಂದು ಶಿವಪ್ಪ ನಾಯಕ ವೃತ್ತದಲ್ಲಿ ಗಾಂಧಿ ಬಜಾರಿಗೆ ಇಳಿಯಿರಿ. ಬಿ.ಎಚ್. ಅಂದರೆ ಬೆಂಗಳೂರು–ಹೊನ್ನಾವರ. ಬಯಲುಸೀಮೆಯನ್ನೂ ಕರಾವಳಿಯನ್ನೂ ಸೇರಿಸುವ ಆ ದಾರಿಯ ಮೇಲೆ ಈ ಪೇಟೆ ಇದೆ ಎಂಬುದು ನೆನಪಿರಲಿ. ಬಜಾರನ್ನು ಒಂಬತ್ತು ಗಂಟೆಯೊಳಗೆ ಮುಗಿಸಬೇಕು. ಅಂಗಡಿ ತೆರೆದ ಮೇಲೆ ನೋಟ ಪೂರಾ ಸಾಮಾನಿನ ಮೇಲೆ ಹೋಗುತ್ತದೆ, ನಿಲ್ಲಲು ಜಾಗವೂ ಸಿಗದು. ಕೆಳಗಿನ ಅಂತಸ್ತು ಎಲ್ಲ ಕಡೆಯೂ ಬದಲಾಗಿದೆ. ಎದುರು ಬದಿಯಲ್ಲಿ ನಿಂತು ಉಪ್ಪರಿಗೆ ನೋಡಿ. ಮರದ ಕಟಕಟೆ, ಸಣ್ಣ ಕಿಟಕಿ, ಹೆಂಚಿನ ಸೂರು ಉಳಿದಿದ್ದರೆ ಅಲ್ಲೇ ಉಳಿದಿರುತ್ತದೆ.

ಬಜಾರಿನಿಂದ ಕೋಟೆ ಮಾರಿಕಾಂಬ ದೇವಸ್ಥಾನ, ಕೋಟೆ ಆಂಜನೇಯ ದೇವಸ್ಥಾನ, ಕೊನೆಗೆ ಶಿವಪ್ಪ ನಾಯಕನ ಅರಮನೆ. ಈ ಕ್ರಮಕ್ಕೆ ಕಾರಣ ಗಡಿಯಾರ. ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಅರಮನೆಯಲ್ಲಿರುವುದು ಸರ್ಕಾರಿ ವಸ್ತುಸಂಗ್ರಹಾಲಯ, ಅದು ತೆರೆಯುವುದು ಹತ್ತರ ಸುಮಾರಿಗೆ, ಸೋಮವಾರ ಮತ್ತು ಸರ್ಕಾರಿ ರಜೆಯ ದಿನ ಮುಚ್ಚಿರುವುದೇ ಹೆಚ್ಚು. ಅರಮನೆಯಿಂದ ಶುರು ಮಾಡಿದವರು ಬೀಗ ಹಾಕಿದ ಗೇಟಿನ ಮುಂದೆ ಒಂದು ಗಂಟೆ ಕಳೆದು, ಕೊನೆಗೆ ಬಿರುಬಿಸಿಲಿನಲ್ಲಿ ಮುಚ್ಚಿದ ಗುಡಿಯ ಮುಂದೆ ನಿಲ್ಲುತ್ತಾರೆ. ಮಂಗಳವಾರ, ಶುಕ್ರವಾರ ಮಾರಿಕಾಂಬೆಯ ಗುಡಿಯಲ್ಲಿ ಜನ ಜಾಸ್ತಿ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯ ಸಮಯವಾದರೆ ಈ ನಡಿಗೆಯನ್ನೇ ಬಿಟ್ಟು ಜಾತ್ರೆ ನೋಡಿ. ಗಾಂಧಿ ಬಜಾರು ದೇವಿಯ ತವರುಮನೆ, ಕೋಟೆ ಅವಳ ಗದ್ದುಗೆ. ಪೇಟೆಗೂ ಕೋಟೆಗೂ ಇರುವ ನಂಟು ಆ ದಿನ ಕಂಡಷ್ಟು ಸ್ಪಷ್ಟವಾಗಿ ಬೇರೆ ಯಾವಾಗಲೂ ಕಾಣುವುದಿಲ್ಲ.

ಮಂಡಿನೋವಿನವರಿಗೆ ದೂರಕ್ಕಿಂತ ನಿಲ್ಲುವುದೇ ಕಷ್ಟ. ಸೇತುವೆಯಿಂದ ಬಜಾರಿನ ಬಾಯಿಯವರೆಗೆ ಆಟೋ ಮಾಡಿ, ಅಲ್ಲಿಂದ ನಡೆಯಿರಿ. ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿನ ಒಳಾಂಗಣ ಬಹು ದೊಡ್ಡದು, ತಂಪಾಗಿ ಕೂತು ನೋಡಬಹುದು. ಸಮಯ ಉಳಿದರೆ ಕೊನೆಗೆ ಅಲ್ಲಿಗೆ ಹೋಗಿ, ಉಳಿಯದಿದ್ದರೆ ಸಂಜೆಗೆ ಇಟ್ಟುಕೊಳ್ಳಿ. ಒಂದು ಬೆಳಿಗ್ಗೆಗೆ ಐದಾರು ಜಾಗ ಸಾಕು. ಹತ್ತು ಜಾಗದ ಪಟ್ಟಿ ಹಿಡಿದು ಹೊರಟವರು ಎಲ್ಲ ಕಡೆ ಫೋಟೊ ತೆಗೆಯುತ್ತಾರೆ, ಯಾವುದನ್ನೂ ನೋಡಿರುವುದಿಲ್ಲ.

ಪ್ರಶ್ನೆ: ಅರಮನೆಯ ಆವರಣದಲ್ಲಿ ಸಾಲಾಗಿ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಎಲ್ಲವೂ ಒಂದೇ ಥರ ಕಾಣುತ್ತವೆ. ಬೇರೆ ಬೇರೆ ಎಂದು ಗುರುತಿಸುವುದು ಹೇಗೆ? — ಓದುಗರು, ಭದ್ರಾವತಿ

ಮೊದಲು ಕಲ್ಲಿನ ಜಾತಿ ತಿಳಿಯಬೇಕು. ಅಡ್ಡಪಟ್ಟಿಗಳಾಗಿ ಭಾಗ ಮಾಡಿ ಯುದ್ಧ, ಮನುಷ್ಯರು, ದೇವರನ್ನು ಕೆತ್ತಿದ್ದರೆ ವೀರಗಲ್ಲು. ಕಂಬದಿಂದ ಹೊರಟ ಒಂದು ತೋಳು, ಮೇಲಕ್ಕೆತ್ತಿದ ಅಂಗೈ, ಕೈತುಂಬ ಬಳೆ ಇದ್ದರೆ ಮಾಸ್ತಿಗಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು. ಮೇಲ್ಭಾಗದಲ್ಲಿ ಲಿಂಗ, ಸೂರ್ಯಚಂದ್ರ, ಹಸು ಕರು ಇದ್ದು ಕೆಳಗೆ ಪೂರಾ ಅಕ್ಷರವೇ ಇದ್ದರೆ ದಾನಶಾಸನ. ಚಿಕ್ಕ ಕಲ್ಲಿನ ಮೇಲೆ ಲಿಂಗವೋ ವಾಮನನೋ ಮುಕ್ಕೊಡೆಯೋ ಮಾತ್ರ ಇದ್ದರೆ ದಾನ ಬಿಟ್ಟ ಭೂಮಿಯ ಗಡಿಕಲ್ಲು: ಲಿಂಗವಾದರೆ ಶೈವ, ವಾಮನನಾದರೆ ವೈಷ್ಣವ ಅಥವಾ ಅಗ್ರಹಾರದ್ದು, ಮುಕ್ಕೊಡೆಯಾದರೆ ಜೈನ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಹೆಚ್ಚಿನವರು ಮೇಲಿನಿಂದ ಶುರು ಮಾಡುವುದರಿಂದಲೇ ಕಥೆ ಕೈಗೆ ಸಿಗುವುದಿಲ್ಲ. ಕೆಳಗಿನ ಪಟ್ಟಿ ಸಾವಿನ ಕಾರಣ. ಒಂದು ಬದಿಯಲ್ಲಿ ದನಗಳು ಒತ್ತೊತ್ತಾಗಿ ನಿಂತಿದ್ದರೆ ಅದು ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋದವರ ಜತೆಗಿನ ಕಾಳಗ. ಹೆಂಗಸಿನ ಆಕೃತಿ ಇದ್ದರೆ ಪೆಣ್ಬುಯ್ಯಲ್, ಹೆಣ್ಣಿನ ಮಾನ ಕಾಯಲು ನಡೆದ ಹೋರಾಟ. ಕುದುರೆ, ಆನೆ ಇದ್ದರೆ ದೊಡ್ಡ ಯುದ್ಧ. ಹಂದಿಯೋ ಹುಲಿಯೋ ಇದ್ದರೆ ಬೇಟೆ. ಎಲ್ಲರಿಗಿಂತ ದೊಡ್ಡದಾಗಿ ಕೆತ್ತಿದವನೇ ಸತ್ತ ವೀರ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ, ಪಕ್ಕದಲ್ಲಿ ಪೂಜಾರಿ, ನಂದಿ. ಲಿಂಗದ ಜಾಗದಲ್ಲಿ ಜಿನ ಇದ್ದರೆ ಸತ್ತವನು ಜೈನ. ಹೆಸರು, ಊರು, ಕಾಲ ಪಟ್ಟಿಗಳ ನಡುವಿನ ಕಿರಿದಾದ ಅಂಚಿನಲ್ಲಿರುತ್ತದೆ. ಅಲಂಕಾರದ ಗೆರೆ ಎಂದುಕೊಂಡು ದಾಟಿಬಿಡಬೇಡಿ.

ನಡುಮಧ್ಯಾಹ್ನ ಬಿಸಿಲು ನೆತ್ತಿಯ ಮೇಲಿದ್ದಾಗ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಆಗ ಒಬ್ಬರು ಕೊಡೆ ಹಿಡಿದು ಕಲ್ಲಿಗೆ ನೆರಳು ಮಾಡಿ, ಇನ್ನೊಬ್ಬರು ಟಾರ್ಚನ್ನು ಕಲ್ಲಿಗೆ ಹೆಚ್ಚೂಕಡಿಮೆ ತಾಗುವಂತೆ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಬರೀ ಸವೆದ ಕಲ್ಲು ಎಂದುಕೊಂಡಿದ್ದರ ಮೇಲೆ ಕುದುರೆಯ ಕಿವಿ, ಕತ್ತಿಯ ಹಿಡಿ, ಬಾಣ ಹಿಡಿದ ಬೆರಳು ಒಂದೊಂದಾಗಿ ಮೇಲೇಳುತ್ತವೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಎಲ್ಲ ಅಳಿಸಿಹೋಗುತ್ತದೆ. ಇನ್ನೊಂದು ಮಾತು: ಈ ಕಲ್ಲುಗಳು ಬೇರೆ ಬೇರೆ ಊರುಗಳಿಂದ ಬಂದವು. ಫಲಕದಲ್ಲಿ ಸಿಕ್ಕ ಊರಿನ ಹೆಸರಿದ್ದರೆ ಅದನ್ನೇ ಮೊದಲು ಬರೆದುಕೊಳ್ಳಿ. ಊರಿನ ಹೆಸರು ಕಳೆದುಕೊಂಡ ವೀರಗಲ್ಲು ಅರ್ಧ ಮಾತ್ರ ಮಾತಾಡುತ್ತದೆ.

ಪ್ರಶ್ನೆ: ನಮ್ಮೂರ ಈಶ್ವರ ಗುಡಿಯ ಮುಂದೆ ಹಳಗನ್ನಡದ ಶಾಸನ ಇದೆ. ಅಕ್ಷರಕ್ಕೆ ಸೀಮೆಸುಣ್ಣ ತುಂಬಿದರೆ ಓದಲು ಬರುತ್ತದೆ ಎನ್ನುತ್ತಾರೆ. ಅದರಲ್ಲಿ ಏನಿದೆ ಎಂದು ತಿಳಿಯುವ ದಾರಿ ಯಾವುದು? — ಓದುಗರು, ಸೊರಬ ತಾಲ್ಲೂಕು

ಸೀಮೆಸುಣ್ಣ ಬೇಡ, ಎಣ್ಣೆಯೂ ಬೇಡ, ಹಿಟ್ಟೂ ಬೇಡ. ಸುಣ್ಣದ ಪುಡಿ ಕಲ್ಲಿನ ರಂಧ್ರಕ್ಕೆ ಇಳಿದರೆ ತೊಳೆದರೂ ಹೋಗುವುದಿಲ್ಲ. ಎಣ್ಣೆಗೆ ಧೂಳು ಮೆತ್ತಿ ಕೆಲವೇ ವರ್ಷದಲ್ಲಿ ಅಕ್ಷರ ಮುಚ್ಚುತ್ತದೆ. ಅಲ್ಲದೆ ನಿಮ್ಮ ಕೈ ತಪ್ಪಾಗಿ ತಿದ್ದಿದ ಗೆರೆಯೇ ಮುಂದಿನವರಿಗೆ ಅಕ್ಷರವಾಗಿ ಕಾಣುತ್ತದೆ. ಬರೀ ನೀರು ಚಿಮುಕಿಸಿ, ಒದ್ದೆ ಆರುವ ಹೊತ್ತಿನಲ್ಲಿ ಓರೆ ಬೆಳಕು ಬಿಟ್ಟು ಫೋಟೊ ತೆಗೆಯಿರಿ. ಮೊದಲು ಇಡೀ ಕಲ್ಲು, ಆಮೇಲೆ ನಾಲ್ಕೈದು ಸಾಲಿಗೊಂದರಂತೆ, ಪ್ರತಿ ಫೋಟೊದಲ್ಲೂ ಹಿಂದಿನದರ ಒಂದು ಸಾಲು ಸೇರಿರಲಿ. ಫೋನ್ ಕಲ್ಲಿಗೆ ಸಮಾನಾಂತರವಾಗಿರಬೇಕು, ಇಲ್ಲದಿದ್ದರೆ ಅಂಚಿನ ಅಕ್ಷರ ಹಿಗ್ಗುತ್ತವೆ.

ಹೆಚ್ಚಿನ ಪಾಲು ನಿಮ್ಮೂರ ಶಾಸನವನ್ನು ಆಗಲೇ ಓದಿ ಅಚ್ಚು ಹಾಕಿಸಿದ್ದಾರೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೇ ಸಂಪುಟ (1902) ಮತ್ತು 8ನೇ ಸಂಪುಟ (1904) ಆಗಿನ ಶಿವಮೊಗ್ಗ ಜಿಲ್ಲೆಯವು. 7ರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. 8ರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ನೀವು ನೋಡಬೇಕಾದ್ದು 8. ಅಂತರ್ಜಾಲದಲ್ಲಿ ಸ್ಕ್ಯಾನ್ ಪ್ರತಿ ಉಚಿತವಾಗಿ ಸಿಗುತ್ತದೆ, ಕನ್ನಡ ಪಾಠದ ಜತೆಗೆ ಇಂಗ್ಲಿಷ್ ಅನುವಾದವೂ ಇದೆ. ತಾಲ್ಲೂಕಿನ ಒಳಗೆ ಸಂಖ್ಯೆಯ ಪ್ರಕಾರ ಜೋಡಿಸಿದ್ದಾರೆ, ಊರಿನ ಹೆಸರಿನ ಜತೆ ಕಲ್ಲು ಎಲ್ಲಿತ್ತೆಂದೂ ಹೇಳಿದ್ದಾರೆ. ಈಗ ಅದು ಅಲ್ಲಿಲ್ಲದಿದ್ದರೆ ಯಾರೋ ಸರಿಸಿದ್ದಾರೆಂದು ಅರ್ಥ. ಹುಡುಕುವವರು ಎಡವುವುದು ತಾಲ್ಲೂಕಿನಲ್ಲಿ. ಹುಂಚ ಈಗ ಹೊಸನಗರ ತಾಲ್ಲೂಕು, ಪುಸ್ತಕದಲ್ಲಿ ನಗರ ತಾಲ್ಲೂಕು. ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಗೆ ಸೇರಿವೆ.

ಕಾಲ ಲೆಕ್ಕ ಸುಲಭ: ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ. ಶಕ 1567 ಎಂದಿದ್ದರೆ 1645. ಜತೆಗೆ ಸಂವತ್ಸರದ ಹೆಸರನ್ನು ತಾಳೆ ನೋಡಲೇಬೇಕು. 1645 ಪಾರ್ಥಿವ ಸಂವತ್ಸರ, ಕಲ್ಲಿನ ಮೇಲೂ ಪಾರ್ಥಿವ ಎಂದೇ ಇದ್ದರೆ ಸರಿ. ಒಂದು ವರ್ಷ ಆಚೀಚೆ ಬಂದರೆ ಗಾಬರಿ ಬೇಡ. ಕೆಲವು ಶಾಸನ ಸಂದ ವರ್ಷವನ್ನು ಎಣಿಸುತ್ತವೆ, ಕೆಲವು ನಡೆಯುತ್ತಿರುವ ವರ್ಷವನ್ನು. ಅಂಥಲ್ಲಿ ಸಂವತ್ಸರವನ್ನೇ ನಂಬಿ.

ಬೇರೆ ಊರಿನ ಕಲ್ಲು ನೋಡಲು ಹೋಗುವವರಿಗೊಂದು ಎಚ್ಚರಿಕೆ. ಮಲೆನಾಡಿನಲ್ಲಿ ನಿಧಿಗಳ್ಳರ ಕಾಟ ಇದೆ. ಸಂಜೆ ಹೊತ್ತು ಟಾರ್ಚು ಹಿಡಿದು ಪಾಳುಗುಡಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ ಅಪರಿಚಿತರನ್ನು ಊರವರು ಅನುಮಾನಿಸುವುದು ಸಹಜ, ನ್ಯಾಯವೂ ಹೌದು. ಮೊದಲು ಹತ್ತಿರದ ಮನೆಗೆ ಹೋಗಿ, ಯಾರು, ಯಾಕೆ ಬಂದಿರಿ ಎಂದು ಹೇಳಿ, ಆ ಮನೆಯವರನ್ನೇ ಜತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಈ ಅರಮನೆಯನ್ನು ಶಿವಪ್ಪ ನಾಯಕ ಕಟ್ಟಿಸಿದನೋ, ಹೈದರಾಲಿಯೋ? ಎರಡೂ ಕೇಳಿದ್ದೇವೆ. — ಓದುಗರು, ವಿನೋಬನಗರ

ಶಿವಪ್ಪ ನಾಯಕ ಆಳಿದ್ದು 1645ರಿಂದ 1660. ಅವನ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ. ಹೈದರ್ ಬಿದನೂರನ್ನು ಹಿಡಿದದ್ದು 1763ರಲ್ಲಿ. ಹೆಸರು, ಜನರ ನೆನಪು ಎರಡೂ ಶಿವಪ್ಪ ನಾಯಕನ ಕಡೆಗಿವೆ. ಈಗ ನಿಂತಿರುವ ಕಟ್ಟಡ ಹದಿನೆಂಟನೇ ಶತಮಾನದ್ದು, ಹೈದರನ ಕಾಲದ್ದು ಎನ್ನುವ ವಿದ್ವಾಂಸರಿದ್ದಾರೆ. ದರ್ಬಾರ್ ಹಾಲಿನಲ್ಲಿ ನಿಂತು ಕಂಬದ ಮೇಲ್ಭಾಗ ನೋಡಿ: ದಪ್ಪ ಮರದ ಕಂಬಗಳ ನಡುವೆ ಹೂವಿನ ಎಸಳಿನಂತೆ ಬಾಗಿದ ಕಮಾನುಗಳಿವೆ. ಕೇಳದಿ, ಇಕ್ಕೇರಿಯ ಕಲ್ಲಿನ ಕೆಲಸದ ಪಕ್ಕ ಇಟ್ಟು ನೋಡಿದರೆ ಇದು ಬೇರೆಯದೇ ಕೈ ಎನಿಸುತ್ತದೆ. ಪಕ್ಕದ ಕೋಣೆಗಳ ಬಾಲ್ಕನಿಗಳು ಮೇಲಿನಿಂದ ಹಾಲಿನ ಕಡೆಗೇ ತೆರೆದಿವೆ, ಅದನ್ನೂ ಗಮನಿಸಿ.

ನಮ್ಮ ಸಲಹೆ ಇಷ್ಟು. ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಸಂಗತಿಯ ಮುಂದೆ 'ಕಲ್ಲು', 'ಕಾಗದ', 'ಬಾಯಿ' ಎಂದು ಗುರುತು ಹಾಕಿ. ಶಾಸನದಲ್ಲಿ ಇರುವುದು ಕಲ್ಲು. ಗೆಜೆಟಿಯರ್, ದಫ್ತರದಲ್ಲಿ ಇರುವುದು ಕಾಗದ. ಜನ ಹೇಳುವುದು ಬಾಯಿ. ಶಿವಮೊಗ್ಗ ಎಂದರೆ 'ಸಿಹಿ ಮೊಗೆ' ಎನ್ನುವುದು ಬಾಯಿ. ಅದು ಕೀಳಲ್ಲ, ಆದರೆ ಅದನ್ನು ಕಲ್ಲು ಎಂದು ಬರೆಯಬಾರದು.

ಪ್ರಶ್ನೆ: ಬಜಾರಿನ ಹಿಂದಿನ ಕೇರಿಗಳಲ್ಲಿ ಹಳೆಯ ಮನೆಗಳಿವೆ. ವಯಸ್ಸು ಊಹಿಸುವುದು ಹೇಗೆ? ಒಳಗೆ ಹೋಗಬಹುದೇ? — ಓದುಗರು, ದಾವಣಗೆರೆ

ಹೆಂಚು ನೋಡಿ, ಆದರೆ ಹೆಂಚನ್ನೇ ನಂಬಬೇಡಿ. ಅರ್ಧ ಕೊಳವೆಯಂತಿರುವುದು ನಾಡಹೆಂಚು. ಚಪ್ಪಟೆಯಾಗಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದು ಮಂಗಳೂರು ಹೆಂಚು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಹೆಂಚಿನ ಮೇಲೆ ಅಚ್ಚೊತ್ತಿದ ಕಾರ್ಖಾನೆಯ ಹೆಸರು ಒಡೆದ ಚೂರಿನಲ್ಲಿ ಓದಲು ಸಿಗುತ್ತದೆ. ಆದರೆ ಹಳೆಯ ಮನೆಗೆ ಹೊಸ ಹೆಂಚು ಹೊದಿಸುವುದೂ, ಕೆಡವಿದ ಮನೆಯ ಹೆಂಚನ್ನು ಹೊಸ ಮನೆಗೆ ಹಾಕುವುದೂ ರೂಢಿ. ಹೆಂಚು ಹೇಳುವುದು ಸೂರಿನ ವಯಸ್ಸು, ಮನೆಯದಲ್ಲ. ಗೋಡೆಯ ದಪ್ಪ, ಜಗಲಿಯ ಕಂಬ, ಬೋದಿಗೆ (ಕಂಬದ ತಲೆಯ ಮೇಲೆ ತೊಲೆ ಹೊರುವ ತುಂಡು), ಮರದ ಮುಚ್ಚಿಗೆ ಇವನ್ನು ಸೇರಿಸಿ ನೋಡಬೇಕು. ಮರದ ಕಂಬ ನೆಲಕ್ಕೆ ತಾಗದೆ ಕಲ್ಲಿನ ಮೇಲೆ ಕೂತಿರುವುದು ಗೆದ್ದಲು ಮತ್ತು ಒದ್ದೆಯ ಭಯಕ್ಕೆ. ಆ ಕಲ್ಲು ಸಿಮೆಂಟಿನಲ್ಲಿ ಹೂತುಹೋಗಿದ್ದರೆ ನೆಲ ಏರಿಸಿದ್ದಾರೆ.

ಕೇರಿಯ ಹೆಸರನ್ನೂ ಓದಿ. ಉಪ್ಪಾರಕೇರಿ, ಕುಂಬಾರಗುಂಡಿ, ಲಷ್ಕರ್ ಮೊಹಲ್ಲಾ, ಸವಾರ್‌ಲೈನ್ ರಸ್ತೆ: ಕಸುಬು, ಸೈನ್ಯ, ಕುದುರೆ ಸವಾರರು ಈ ಹೆಸರುಗಳಲ್ಲೇ ಉಳಿದಿದ್ದಾರೆ. ಒಳಗೆ ಹೋಗುವುದು ಮನೆಯವರು ಕರೆದರೆ ಮಾತ್ರ. ಜಗಲಿ ಬೀದಿಗೆ ತೆರೆದಿದ್ದರೂ ಅದು ಮನೆಯೇ. 'ಜಗಲಿ ಕಂಬ ನೋಡ್ಬಹುದಾ ಅಮ್ಮಾ?' ಎಂದು ಕೇಳಿದರೆ ಬೇಡ ಎನ್ನುವವರು ಕಡಿಮೆ. ಫೋಟೊಗೆ ಬೇರೆಯಾಗಿ ಒಪ್ಪಿಗೆ ಕೇಳಿ.

ಪ್ರಶ್ನೆ: ಪ್ರೌಢಶಾಲೆಯ 35 ಮಕ್ಕಳನ್ನು ಇಕ್ಕೇರಿ, ಕೇಳದಿ, ನಗರ ಮೂರಕ್ಕೂ ಒಂದೇ ದಿನ ಕರೆದೊಯ್ಯಬೇಕೆಂದಿದ್ದೇವೆ. ಬರೀ ಓಡಾಟ ಆಗದಂತೆ ಏನು ಮಾಡಬೇಕು? — ಶಿಕ್ಷಕರು, ಸಾಗರ

ನಗರವನ್ನು ಬಿಡಿ. ಇಕ್ಕೇರಿ ಸಾಗರದ ದಕ್ಷಿಣಕ್ಕೆ, ಕೇಳದಿ ಉತ್ತರಕ್ಕೆ, ಎರಡೂ ಹತ್ತು ಕಿಲೋಮೀಟರಿನ ಒಳಗೆ. ನಗರ ಹೊಸನಗರದಾಚೆ, ಆ ಕೋಟೆಗೂ ದೇವಗಂಗೆಯ ಕೊಳಗಳಿಗೂ ಒಂದು ಪೂರ್ತಿ ದಿನ ಬೇಕು. ಕಥೆಯ ಕ್ರಮದಲ್ಲಿ ಹೋಗುವುದಾದರೆ ಕೇಳದಿ ಮೊದಲು, ಇಕ್ಕೇರಿ ಆಮೇಲೆ. ಕೇಳದಿ ನಾಯಕರ ರಾಜಧಾನಿ ಸರಿದದ್ದೂ ಹಾಗೆಯೇ, ಬಿದನೂರು ಮೂರನೆಯದು. ಕೇಳದಿಯಲ್ಲಿ ಚಾವಣಿಯ ಗಂಡಭೇರುಂಡವನ್ನು ನೆಲದ ಮೇಲೆ ಕೂತು ತಲೆಯೆತ್ತಿ ಬಿಡಿಸಲು ಹೇಳಿ, ಹತ್ತು ನಿಮಿಷ ಸಾಕು. ವಸ್ತುಸಂಗ್ರಹಾಲಯದ ಒಳಗೆ 35 ಮಕ್ಕಳು ಒಟ್ಟಿಗೆ ಹಿಡಿಸುವುದಿಲ್ಲ, ಮೂರು ಗುಂಪು ಮಾಡಿ.

ಇಕ್ಕೇರಿಯ ಅಘೋರೇಶ್ವರ ದೇವಾಲಯಕ್ಕೆ 20 ಅಡಿಯ ತೆಂಗಿನ ನಾರಿನ ಹಗ್ಗ ಒಯ್ಯಿರಿ. 18 ಅಡಿ 6 ಅಂಗುಲಕ್ಕೆ ಗಂಟು ಹಾಕಿರಬೇಕು. ಹಳೆಯ ಮೈಸೂರು ಗೆಜೆಟಿಯರ್ ಪ್ರಕಾರ ಈ ದೇವಾಲಯದ ನಡುಗಂಬಗಳ ಅಂತರವೇ ಸೀಮೆಯ ತೋಟಗಳಿಗೆ ಅಳತೆಯಾಗಿತ್ತು. ಮೆಟ್ಟಿಲ ಮೇಲೆ ಗುರುತು ಮಾಡಿದ ಆ ಗಳೆಯ (ಅಳತೆಕೋಲಿನ) ಉದ್ದ 18 ಅಡಿ 6 ಅಂಗುಲ, ಅಷ್ಟು ಅಗಲ ಅಷ್ಟು ಉದ್ದದ ಚೌಕ ಒಂದು ಮರದ ಪಾಲು. ಹೊರಗಿನ ಬಯಲಲ್ಲಿ ಹಗ್ಗ ಹಿಡಿದು ಮಕ್ಕಳು ಆ ಚೌಕ ಬರೆಯಲಿ. ಈಗ ಅಡಿಕೆ ಸಸಿ ನೆಡುವುದು 9 ಅಡಿಗೊಂದು, ಆ ಲೆಕ್ಕದಲ್ಲಿ ಅದೇ ಚೌಕದಲ್ಲಿ ನಾಲ್ಕು ಮರ. ಮನೆಯಲ್ಲಿ ತೋಟ ಇರುವ ಮಕ್ಕಳು ಯಾಕೆ ಎಂದು ವಾದಕ್ಕೆ ನಿಲ್ಲುತ್ತಾರೆ, ನಿಲ್ಲಲಿ. ಒಳಗೆ ಗರ್ಭಗುಡಿಯ ಮುಂದಿನ ನೆಲದ ಮೇಲೆ ಅಡ್ಡಬಿದ್ದ ನಾಯಕರ ಉಬ್ಬುಚಿತ್ರಗಳಿವೆ, ಮೇಲೆ ಹೆಸರೂ ಇದೆ. ಹುಚ್ಚ ಸೋಮಶೇಖರ ನಾಯಕನದು ಕೈಕಾಲಿಗೆ ಬೇಡಿ ತೊಡಿಸಿದ ಚಿತ್ರ. ನೆಲದಲ್ಲಿರುವುದರಿಂದ ಗೊತ್ತಿಲ್ಲದೆ ಅದರ ಮೇಲೇ ನಡೆದು ಹೋಗುತ್ತಾರೆ. ಮಕ್ಕಳು ಒಳಬರುವ ಮುಂಚೆ ಶಿಕ್ಷಕರೊಬ್ಬರು ಅಲ್ಲಿ ನಿಂತಿರಲಿ.

ಇಕ್ಕೇರಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಗೀಚುವುದು, ಬಣ್ಣ ಹಚ್ಚುವುದು ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದಾದ ಅಪರಾಧ. ಇದನ್ನು ಬಸ್ಸಿನಲ್ಲೇ ಹೇಳಿಬಿಡಿ.

ಪ್ರಶ್ನೆ: ನಮ್ಮೂರಿಗೂ ಇಂಥದೊಂದು ನಡಿಗೆಯ ಹಾಳೆ ಮಾಡಬೇಕು. ಹೇಗೆ? — ಯುವಕ ಸಂಘ, ತೀರ್ಥಹಳ್ಳಿ

ಎ4 ಹಾಳೆ ಒಂದು, ಎರಡೂ ಬದಿ, ನಾಲ್ಕು ಮಡಿಕೆ. ಜಾಗ ಎಂಟಕ್ಕಿಂತ ಹೆಚ್ಚು ಬೇಡ. ರಾಮೇಶ್ವರ ದೇವಸ್ಥಾನ, ಹೊಳೆ, ಕಮಾನು ಸೇತುವೆ ನಿಮ್ಮಲ್ಲಿ ಹತ್ತಿರ ಹತ್ತಿರವೇ ಇವೆ, ಅದು ಅನುಕೂಲ. ಪ್ರತಿ ಜಾಗಕ್ಕೂ ಎಲ್ಲಿ ನಿಲ್ಲಬೇಕು, ಯಾವ ಕಡೆ ಮುಖ ಮಾಡಬೇಕು, ಏನನ್ನು ನೋಡಬೇಕು ಎಂಬ ಮೂರು ಸಾಲು ಮೊದಲು ಬರಲಿ, ಇತಿಹಾಸ ಆಮೇಲೆ. ದೂರವನ್ನು ಹೆಜ್ಜೆಯಲ್ಲಿ ಅಳೆಯಿರಿ, ಒಂದು ಹೆಜ್ಜೆ 75 ಸೆಂಟಿಮೀಟರ್ ಆದರೆ 100 ಮೀಟರಿಗೆ 133 ಹೆಜ್ಜೆ. 'ಬೇಕರಿ ಹತ್ತಿರ ಎಡಕ್ಕೆ' ಎಂದು ಬರೆದರೆ ಬೇಕರಿ ಬದಲಾದ ದಿನ ಹಾಳೆ ಕೆಟ್ಟಂತೆ. ಅರಳಿಕಟ್ಟೆ, ಬಾವಿ, ಗುಡಿ, ನೀರಿನ ಟ್ಯಾಂಕ್ ಗುರುತಾಗಲಿ. ಕುಡಿಯುವ ನೀರು, ಶೌಚಾಲಯ, ಕೂರುವ ಕಟ್ಟೆ ಎಲ್ಲಿವೆ ಎಂಬುದನ್ನು ನಕ್ಷೆಯಲ್ಲಿ ಹಾಕಲೇಬೇಕು, ವಯಸ್ಸಾದವರು ಬರುವುದೂ ಬಿಡುವುದೂ ಅದರ ಮೇಲೆ ನಿಂತಿದೆ.

ಅಚ್ಚಿಗೆ ಕೊಡುವ ಮೊದಲು ಊರು ಗೊತ್ತಿಲ್ಲದ ಇಬ್ಬರ ಕೈಗೆ ಹಾಳೆ ಕೊಟ್ಟು ಕಳಿಸಿ. ನೀವು ಹಿಂದೆ ಬರೀ ಬಾಯಿ ಮುಚ್ಚಿಕೊಂಡು ನಡೆಯಿರಿ. ಅವರು ಎಲ್ಲಿ ನಿಂತು ಆಚೀಚೆ ನೋಡುತ್ತಾರೋ ಅಲ್ಲಿ ನಿಮ್ಮ ಬರವಣಿಗೆ ತಪ್ಪಿದೆ. ಮೊದಲ ಸಲ 50 ಪ್ರತಿ ಮಾತ್ರ ಮಾಡಿಸಿ, ತಿದ್ದುಪಡಿ ಬಂದೇ ಬರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಕವಲೇದುರ್ಗಕ್ಕೆ ಹೋಗಬಹುದೇ? — ಓದುಗರು, ಹಾಸನ

ಜೋರು ಮಳೆಯ ದಿನಗಳಲ್ಲಿ ಬೇಡ. ಹಾಸುಗಲ್ಲಿನ ದಾರಿ ಹಾವಸೆ ಹಿಡಿದು ಜಾರುತ್ತದೆ, ಏರುವಾಗಿನದಕ್ಕಿಂತ ಇಳಿಯುವಾಗ ಬೀಳುವವರು ಹೆಚ್ಚು. ಮಂಜು ಮುಸುಕಿದರೆ ಒಂದು ಬಾಗಿಲಿನಿಂದ ಮುಂದಿನ ಬಾಗಿಲು ಕಾಣುವುದಿಲ್ಲ. ಸುತ್ತಿನ ಮೇಲೆ ಸುತ್ತು ಕಟ್ಟಿದ ಆ ಕೋಟೆಯನ್ನು ನೋಡುವುದೇ ಅದಕ್ಕಾಗಿ ಅಲ್ಲವೇ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಮಳೆ ಬಿಡುವಿನಲ್ಲಿ ಹೋಗಲೇಬೇಕೆಂದರೆ, ಉಂಬಳ (ಜಿಗಣೆ) ಹತ್ತದಂತೆ ಉದ್ದ ಕಾಲುಚೀಲವನ್ನು ದಟ್ಟ ಉಪ್ಪುನೀರಿನಲ್ಲಿ ನೆನೆಸಿ ಒಣಗಿಸಿ, ಪ್ಯಾಂಟನ್ನು ಅದರೊಳಗೆ ಸೇರಿಸಿಕೊಳ್ಳಿ. ಉಂಬಳ ಹತ್ತಿದ್ದರೆ ಕಿತ್ತು ಎಳೆಯಬೇಡಿ, ಉಗುರಿನ ತುದಿಯಿಂದ ಅದರ ಬಾಯಿಯ ಪಕ್ಕ ಸರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ತೊಳೆದು ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.